ಚರಗ ಚೆಲ್ಲಿದ ಮರುದಿನ

ಕಳೆದ ಸಲ ಎಳ್ಳಮಾವಾಸ್ಯೆಗೆ ಎರಡು ದಿನ ಇರುವಾಗ ಸಿರಿಗೇರಿಯಲ್ಲಿ ರಸ್ತೆ ಕೆಲಸದ ಅಳತೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ ಬಂತು. ಒಬ್ಬಾಕೆ ಹೊರಗೆ ಬಂದು, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಒಳಗೆ ಬಂದು ಒಂದು ರೊಟ್ಟಿ ತಿಂದು ಹೋಗಿ ಎಂದು ಕರೆದರು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಕುರುಗೋಡಿನಲ್ಲಿ ಹುಟ್ಟಿ ಸಜ್ಜೆ ರೊಟ್ಟಿ ತಿಂದೇ ಬೆಳೆದವಳು ಅದರ ವಾಸನೆಗೆ ಮುಖ ತಿರುಗಿಸಿದಳೆಂದರೆ, ನಮ್ಮವ್ವ ಬದುಕಿದ್ದಿದ್ದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲ ಇನ್ನೂ ನನ್ನ ಗಂಟಲಲ್ಲಿ ಇಳಿದಿಲ್ಲ, ಅವ್ವನಿಗೆ ಅದನ್ನು ಹೇಗೆ ಹೇಳುವುದು.

ಆಗ ನಾನು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆ. ಕಿರಿಯ ಇಂಜಿನಿಯರ್. ರಸ್ತೆ, ಚರಂಡಿ, ಒಂದೆರಡು ಶಾಲಾ ಕೊಠಡಿ ಬಿಟ್ಟು ಬೇರೇನೂ ಕಟ್ಟಿಸಿದವಳಲ್ಲ. ಅಂಥವಳನ್ನು ಹಿಡಿದು ವಿಮಾನ ನಿಲ್ದಾಣಕ್ಕೆ ನಿಯೋಜಿಸಿದರು. ಕೊಳಗಲ್ಲು ದಾಟಿ ಕುರುಗೋಡಿನ ದಿಕ್ಕಿಗೆ ಹೋದರೆ ಬರುವ ಒಂದು ಊರಿನ ಎರೆಹೊಲಗಳಲ್ಲಿ ಆ ನಿಲ್ದಾಣ ಎದ್ದಿತ್ತು. ಊರಿನ ಹೆಸರು ಬೇಡ, ಅಲ್ಲಿಯವರಿಗೆ ಆದದ್ದೇ ಸಾಕು. ರನ್‌ವೇ ಮುಗಿದಿತ್ತು, ಸುತ್ತ ಗೋಡೆ ಇತ್ತು, ಕಲ್ಯಾಣ ಮಂಟಪದಷ್ಟೇ ದೊಡ್ಡದಾದ ಒಂದು ಕಟ್ಟಡ ಇತ್ತು. ವಿಮಾನ ಮಾತ್ರ ಇರಲಿಲ್ಲ.

ಸಣ್ಣ ಊರುಗಳಿಗೂ ವಿಮಾನ ಹೋಗಲಿ ಎಂದು ಸರಕಾರ ಅನುದಾನ ಕೊಡುತ್ತಿದ್ದ ಕಾಲ ಅದು. ಕಟ್ಟುವುದಕ್ಕೆ ದುಡ್ಡು ಕೊಡುವುದಲ್ಲದೆ, ಮೊದಲ ಕೆಲವು ವರ್ಷ ಸೀಟು ಖಾಲಿ ಹೋದರೆ ಅದರ ನಷ್ಟವನ್ನೂ ತುಂಬಿಕೊಡುತ್ತಿತ್ತು. ಆ ಭರವಸೆ ಇಲ್ಲದಿದ್ದರೆ ಯಾವ ಕಂಪನಿಯೂ ನಮ್ಮ ಬಿಸಿಲಿಗೆ ತಲೆ ಹಾಕುತ್ತಿರಲಿಲ್ಲ. ಆದರೆ ಮಾರ್ಚ್ ಮುಗಿಯುವುದರೊಳಗೆ ತಪಾಸಣೆ ಪಾಸಾಗಿ ಪರವಾನಗಿ ಕೈಗೆ ಸಿಗಬೇಕಿತ್ತು. ಸಿಗದಿದ್ದರೆ ಆ ದುಡ್ಡೂ ನಮಗೆಂದು ಗೊತ್ತುಮಾಡಿದ್ದ ವಿಮಾನ ಮಾರ್ಗವೂ ಸರದಿಯಲ್ಲಿ ನಿಂತ ಇನ್ನೊಂದು ಊರಿಗೆ. ಬಳ್ಳಾರಿಯ ಚಹಾದಂಗಡಿಗಳಲ್ಲಿ ಅಷ್ಟರಲ್ಲೇ ತಿರುಪತಿಗೆ ಎಷ್ಟು ಹೊತ್ತಿಗೆ ಮುಟ್ಟಬಹುದು, ಹೋದ ದಿನವೇ ಮರಳಬಹುದೇ ಎಂಬ ಲೆಕ್ಕ ನಡೆದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ.

ಹೊಲ ಬಿಟ್ಟುಕೊಟ್ಟ ಮನೆಗಳಿಗೆ ಮನೆಗೊಂದು ಕೆಲಸ ಎಂಬ ಮಾತಾಗಿತ್ತು. ಪರವಾನಗಿ ಬರುವ ತನಕ ಅದು ಒಂದು ವರ್ಷದ ಗುತ್ತಿಗೆ ಕೆಲಸ, ಬಂದ ಮೇಲೆ ಕಾಯಂ. ದೊಡ್ಡಬಸಪ್ಪನ ಮನೆಗೆ ಸಿಕ್ಕ ಕೆಲಸ ಅವನ ಮಗಳು ಹುಲಿಗೆಮ್ಮಳದು. ದೊಡ್ಡಬಸಪ್ಪ ಅರವತ್ತರ ಆಸುಪಾಸಿನ ಮನುಷ್ಯ. ಮನೆಯಲ್ಲಿ ಸುಮ್ಮನೆ ಕೂರಲಾರೆ ಎಂದು ದಿನಗೂಲಿಯ ಮೇಲೆ ಗೇಟು ಕಾಯುತ್ತಿದ್ದ. ಮಗಳಿಗೆ ಇಪ್ಪತ್ತೈದೋ ಇಪ್ಪತ್ತಾರೋ. ಅದೇ ನೆಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಕುಂಟೆ ಹೊಡೆದವಳು ಈಗ ತರಬೇತಿ ಪಡೆದು ಅದೇ ನೆಲದ ಮೇಲೆ ಕೆಂಪು ಫೈರ್ ಗಾಡಿ ಓಡಿಸುತ್ತಿದ್ದಳು. ಬೆಂಕಿ ಆರಿಸುವ ಗಾಡಿ, ಅದಕ್ಕೆ ಸಿಬ್ಬಂದಿ ಇಲ್ಲದೆ ಪರವಾನಗಿ ಇಲ್ಲ. ತರಬೇತಿಯಲ್ಲಿ ಬರೆದುಕೊಂಡ ಒಂದು ನೋಟ್‌ಬುಕ್ಕು ಸದಾ ಅವಳ ಅಂಗಿಯ ಜೇಬಿನಲ್ಲಿರುತ್ತಿತ್ತು. ಊರಲ್ಲಿ ಅವಳಿಗೆ ಆಗಲೇ ‘ಫೈರಮ್ಮ’ ಎಂದು ಹೆಸರಿಟ್ಟಿದ್ದರು. ಅವಳು ಸಿಟ್ಟಾಗುತ್ತಿರಲಿಲ್ಲ. ಕಾಯಂ ಆಗಲಿ, ಆಮೇಲೆ ಇವರನ್ನು ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದಳು.

ಆ ಚಳಿಗಾಲ ನಮ್ಮ ಕಡೆಗೆ ಅಪರೂಪದ್ದು. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ಹಾಸ್ಯ ಮಾಡುತ್ತಾರೆ. ಅವರು ಆ ಡಿಸೆಂಬರಿನಲ್ಲಿ ಎರೆಹೊಲದ ಮೇಲೆ ನಿಂತು ನೋಡಬೇಕಿತ್ತು. ಬೆಳಗಿನ ಏಳಕ್ಕೂ ಕುರುಗೋಡಿನ ಗುಡ್ಡಗಳು ಕಾಣುತ್ತಿರಲಿಲ್ಲ. ಆ ಮಂಜಿನಲ್ಲಿ ನಾವೆಲ್ಲ ಒಂದು ಸಾಲಾಗಿ, ಕೈಯಳತೆ ದೂರದಲ್ಲಿ ನಿಂತು, ರನ್‌ವೇಯ ಈ ತುದಿಯಿಂದ ಆ ತುದಿಯವರೆಗೆ ತಲೆ ಬಗ್ಗಿಸಿ ನಡೆಯಬೇಕು. ಒಂದು ಹರಳು, ಒಂದು ಮೊಳೆ, ಒಂದು ತಂತಿ ತುಂಡು ಬಿದ್ದಿದ್ದರೂ ಆರಿಸಿ ಚೀಲಕ್ಕೆ ಹಾಕಬೇಕು. ವಿಮಾನವೇ ಬಾರದ ದಾರಿಯನ್ನು ದಿನಾ ಹೀಗೆ ಅಕ್ಕಿ ಆರಿಸಿದಂತೆ ಆರಿಸುತ್ತಿದ್ದೆವು. ದೊಡ್ಡಬಸಪ್ಪನಿಗೆ ಡಾಂಬರಿನ ಕೆಳಗಿದ್ದದ್ದೂ ಕಾಣುತ್ತಿತ್ತು. ಇಲ್ಲಿಗೆ ಬೇವಿನಮರದ ಹೊಲ ಮುಗಿಯಿತು, ಇಲ್ಲಿಂದ ನಮ್ಮ ಮಾವನದು, ಇದು ನಮ್ಮದು ಎಂದು ನಡೆಯುತ್ತಲೇ ಹೇಳುತ್ತಿದ್ದ. ತನ್ನದರ ಹತ್ತಿರ ಬಂದಾಗ ಸ್ವಲ್ಪ ನಿಧಾನವಾಗುತ್ತಿದ್ದ. ನಾನೂ ಹೆಜ್ಜೆ ನಿಧಾನ ಮಾಡುತ್ತಿದ್ದೆ.

ತಪಾಸಣೆಯ ದಿನ ಗೊತ್ತಾಯಿತು. ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಅಧಿಕಾರಿಗಳು ಒಂದು ಸಣ್ಣ ವಿಮಾನದಲ್ಲಿ ಬಂದು ನಮ್ಮಲ್ಲೇ ಇಳಿದು, ಎಲ್ಲ ನೋಡಿ, ಸಂಜೆಗೆ ಹಾರಿಹೋಗುವುದು ಎಂದು ಆದೇಶ ಬಂತು. ಊರಲ್ಲಿ ಸಿಹಿ ಹಂಚಿದರು. ಅದರ ಮಾರನೆಯ ದಿನ ದೊಡ್ಡಬಸಪ್ಪ ಟವೆಲ್ಲು ಕೈಯಲ್ಲಿ ಹಿಡಿದು ನನ್ನ ಕೊಠಡಿಗೆ ಬಂದು ನಿಂತ.

ನಮ್ಮ ಕಡೆ ಎಳ್ಳಮಾವಾಸ್ಯೆಯ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಮೊಸರನ್ನ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಮೊದಲು ಹೊಲಕ್ಕೆ ಉಣಿಸುತ್ತಾರೆ. ಒಬ್ಬರು ಮುಂದೆ ನೀರು ಚಿಮುಕಿಸುತ್ತ ಹೋಗುವುದು, ಹಿಂದೆ ಇನ್ನೊಬ್ಬರು ಕಡುಬು ಅನ್ನ ಮುರಿದು ಹೊಲದ ನಾಲ್ಕೂ ಬದುವಿಗೆ ಎರಚುವುದು. ಇದೇ ಚರಗ. ಗೋಡೆ ಎದ್ದ ಮೇಲೆ ಆ ಊರಿನವರು ಮೂರು ವರ್ಷ ಹೊರಗೆ ನಿಂತು ಗೋಡೆಯ ಮೇಲಿಂದ ಒಳಕ್ಕೆ ಎಸೆದಿದ್ದರಂತೆ.

“ಅಕ್ಕಾರ, ವಿಮಾನ ಹಾರಾಕ ಶುರುವಾದ್ರ ಮುಂದ ಯಾರೂ ನಮ್ಮನ್ನ ಒಳಗ ಬಿಡಂಗಿಲ್ಲ. ಬಿಡಬಾರದು ಅಂತ ನಮಗೂ ಗೊತ್ತೈತಿ. ಇದೊಂದು ಸಲ ಹೊಲದಾಗ ನಿಂತು ಉಣಿಸಿ ಬರ್ತೀವ್ರಿ” ಎಂದ.

ಮೊದಲು ಆಗುವುದಿಲ್ಲ ಎಂದೆ. ಮರುದಿನವೇ ತಪಾಸಣೆ ಇಟ್ಟುಕೊಂಡು ಊರಿಗೆ ಊರನ್ನೇ ಒಳಗೆ ಬಿಟ್ಟರೆ ನನ್ನ ಕೆಲಸ ಉಳಿಯುತ್ತದೆಯೇ ಎಂದು ಕೇಳಿದೆ. ಅವನು ವಾದ ಮಾಡಲಿಲ್ಲ, ಆಗಲಿ ಎಂದು ಹೊರಟ. ಅವನು ಜಗಳ ತೆಗೆದಿದ್ದರೆ ನಾನು ಗಟ್ಟಿಯಾಗಿ ನಿಲ್ಲುತ್ತಿದ್ದೆನೇನೋ. ಬಾಗಿಲ ತನಕ ಹೋದವನನ್ನು ವಾಪಸ್ ಕರೆದೆ. ಬಂಡಿ, ಟ್ರ್ಯಾಕ್ಟರ್ ಬೇಡ, ಬೆಂಕಿ ಹಚ್ಚಬಾರದು, ಡಾಂಬರಿನ ಮೇಲೆ ಯಾರೂ ಕಾಲಿಡಬಾರದು, ಮಧ್ಯಾಹ್ನದೊಳಗೆ ಎಲ್ಲರೂ ಹೊರಗೆ. ಷರತ್ತು ಹಾಕುವುದರಲ್ಲಿ ನಾನು ಭಾರಿ ಇಂಜಿನಿಯರ್. ಎಲ್ಲವೂ ಜನರ ಬಗ್ಗೆ ಹಾಕಿದ ಷರತ್ತುಗಳು. ಹಕ್ಕಿಯ ನೆನಪು ನನಗೆ ಬರಲೇ ಇಲ್ಲ.

ಆ ದಿನ ಚೆನ್ನಾಗಿತ್ತು. ಅದನ್ನು ಚೆನ್ನಾಗಿತ್ತು ಎನ್ನಲು ಈಗ ನಾಲಿಗೆ ಏಳುವುದಿಲ್ಲ, ಆದರೂ ಇದ್ದದ್ದು ಹಾಗೆಯೇ. ಮೂವತ್ತಕ್ಕೂ ಹೆಚ್ಚು ಮನೆಗಳವರು ಬುಟ್ಟಿ ಹೊತ್ತು ಗೇಟಿನಲ್ಲಿ ಸಾಲಾಗಿ ಬಂದರು. ಹೆಂಗಸರು ಹೊಸ ಸೀರೆ ಉಟ್ಟಿದ್ದರು. ಬದುಗಳು ಅಳಿದುಹೋದ ನೆಲದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಹೊಲಕ್ಕೇ ನೇರವಾಗಿ ಹೋಗಿ ನಿಂತರು. ಒಬ್ಬರಿಗೂ ಜಾಗ ತಪ್ಪಲಿಲ್ಲ. ದೊಡ್ಡಬಸಪ್ಪನ ಹೆಂಡತಿ ನನ್ನನ್ನೂ ಕೂರಿಸಿ, ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಪುಂಡಿಪಲ್ಯ ಹಾಕಿ ಉಣಿಸಿದಳು. ಆಮೇಲೆ ಬುಟ್ಟಿ ನನ್ನ ಕೈಗೆ ಕೊಟ್ಟು, ನೀವೂ ಚೆಲ್ಲಿರಿ, ನೀವೂ ಒಕ್ಕಲಿನ ಮನೆಯವರೇ ಅಲ್ಲವೇ ಎಂದಳು. ಚೆಲ್ಲಿದೆ. ಕಡುಬು ಮುರಿದು, ರನ್‌ವೇಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕೈ ಬೀಸಿ ಬೀಸಿ ಚೆಲ್ಲಿದೆ. ಹೇಳಿದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು.

ಸಂಜೆ ಹುಲಿಗೆಮ್ಮ ಗಾಡಿ ತೊಳೆದಿಟ್ಟು ನನ್ನ ಹತ್ತಿರ ಬಂದಳು. ಅಪ್ಪನೂ ಅಲ್ಲೇ ಇದ್ದ. ಅವಳ ಕೈಯಲ್ಲಿ ಆ ನೋಟ್‌ಬುಕ್ಕು ಇತ್ತು.

“ಅಕ್ಕಾರ, ಅನ್ನ ಬಿದ್ದಲ್ಲಿ ಹಕ್ಕಿ ಬರ್ತಾವ. ತರಬೇತಿಯಾಗ ಹೇಳ್ಯಾರ. ವಿಮಾನಕ್ಕ ಬೆಂಕಿಗಿಂತ ಹಕ್ಕೀದ ಅಂಜಿಕಿ ಜಾಸ್ತಿ ಅಂತ. ಹತ್ತು ಮಂದಿ ಕೊಡ್ರಿ, ಕತ್ತಲಾಗೂದ್ರೊಳಗ ಎಲ್ಲಾ ಆರಿಸಿ ತಗಸ್ತೀನಿ.”

ನಾನು ಬಾಯಿ ತೆಗೆಯುವ ಮೊದಲು ದೊಡ್ಡಬಸಪ್ಪ ಎದ್ದು ನಿಂತ. ಅವನು ಮಗಳಿಗೆ ಗದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಭೂಮಿತಾಯಿ ಬಾಯಾಗ ಇಟ್ಟ ತುತ್ತು ಕಸಗೊಳ್ತೀಯೇನಲೇ? ನಿನ್ನ ನೌಕರಿ ದೊಡ್ಡದಾತೇನು?”

ಇಬ್ಬರೂ ನನ್ನ ಕಡೆ ನೋಡಿದರು. ಇದನ್ನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ದಿನಾ ಬೆಳಿಗ್ಗೆ ಹರಳು ಆರಿಸುವ ಜನ ನಾವು. ಹತ್ತು ಮಂದಿ, ಎರಡು ತಾಸಿನ ಕೆಲಸ. ಆದರೆ ಚೆಲ್ಲಿದ ಚರಗವನ್ನು ಎತ್ತಬಾರದು ಎಂಬುದು ನನ್ನ ಮೈಗೂ ಹತ್ತಿದ ಮಾತು. ಕುರುಗೋಡಿನ ನಮ್ಮ ಹೊಲದಲ್ಲಿ ಬಿದ್ದ ಹೋಳಿಗೆಯ ಚೂರನ್ನು ಎತ್ತಿ ಬಾಯಿಗಿಟ್ಟುಕೊಂಡಿದ್ದಕ್ಕೆ ಅವ್ವ ನನ್ನ ಕೈಗೆ ಬಾರಿಸಿದ್ದಳು. ಬೇರೆ ಕಡೆಯಿಂದ ಬಂದ ಇಂಜಿನಿಯರ್ ಆಗಿದ್ದರೆ ಎರಡನೆಯ ಮಾತಿಲ್ಲದೆ ಗುಡಿಸಿ ಹಾಕಿಸುತ್ತಿದ್ದ. ನಾನು, ಬಿಡು ಹುಲಿಗೆಮ್ಮ, ಇರುವ ಹಕ್ಕಿಗಳೇ ಕತ್ತಲಾಗುವುದರೊಳಗೆ ತಿಂದು ಮುಗಿಸುತ್ತವೆ, ನಾಳೆಗೆ ಏನೂ ಉಳಿದಿರುವುದಿಲ್ಲ ಎಂದೆ. ಅವಳು ನೋಟ್‌ಬುಕ್ಕು ಮಡಚಿ ಜೇಬಿಗಿಟ್ಟುಕೊಂಡು ಹೋದಳು.

ಬೆಳಿಗ್ಗೆ ಗೇಟಿಗೆ ಬರುವಾಗಲೇ ಸದ್ದು ಕೇಳಿಸಿತು. ಮಂಜು ಹರಿಯುತ್ತಿದ್ದಂತೆ ಕಾಗೆಗಳು ಕಂಡವು, ಗೊರವಂಕಗಳು ಕಂಡವು. ಸಿರುಗುಪ್ಪದ ಕಡೆ ನೆಲ್ಲು ಕೊಯ್ಲಾಗಿ ಗದ್ದೆಗಳು ಬರಿದಾಗಿದ್ದವು, ಅಲ್ಲಿಯ ಬೆಳ್ಳಕ್ಕಿಗಳೆಲ್ಲ ನಮ್ಮಲ್ಲೇ ಇಳಿದಂತಿತ್ತು. ಇಬ್ಬನಿಗೆ ನೆಂದು ಮೆತ್ತಗಾದ ಕಡುಬಿನ ತುಂಡುಗಳನ್ನು ಕಚ್ಚಿಕೊಂಡು ಬಂದು, ಒಣಗಿದ ಜಾಗ ಎಂದು ಡಾಂಬರಿನ ಮೇಲೇ ಕೂತು ತಿನ್ನುತ್ತಿದ್ದವು. ಮೇಲೆ ಹದ್ದುಗಳು ಸುತ್ತು ಹಾಕುತ್ತಿದ್ದವು. ಪಟಾಕಿ ಹಚ್ಚಿದೆವು, ತಗಡು ಬಡಿದೆವು. ಒಂದು ಕಡೆ ಎದ್ದವು ಇನ್ನೊಂದು ಕಡೆ ಇಳಿಯುತ್ತಿದ್ದವು. ಹುಲಿಗೆಮ್ಮ ಸೈರನ್ ಹಾಕಿಕೊಂಡು ರನ್‌ವೇಯ ಉದ್ದಕ್ಕೂ ಗಾಡಿಯನ್ನು ಅತ್ತಿಂದಿತ್ತ ಓಡಿಸಿದಳು. ದೊಡ್ಡಬಸಪ್ಪ ಪೊರಕೆ ಹಿಡಿದು ತಾನೇ ಚೆಲ್ಲಿದ ಚರಗವನ್ನು ಗುಡಿಸತೊಡಗಿದ. ಗುಡಿಸುತ್ತ ಏನೋ ಗೊಣಗುತ್ತಿದ್ದ, ತಪ್ಪು ಕಾಯಿ ತಾಯಿ ಎನ್ನುತ್ತಿದ್ದಿರಬೇಕು.

ವಿಮಾನ ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಗೋಡೆಯ ಆಚೆ ಊರಿಗೆ ಊರೇ ನಿಂತಿತ್ತು, ಸಿಳ್ಳೆ ಹಾಕಿದರು. ಅದು ಕೆಳಗೆ ಕೆಳಗೆ ಬಂತು, ಚಕ್ರಗಳು ಕಂಡವು. ಆ ಸದ್ದಿಗೆ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ವಿಮಾನ ಮೂಗು ಎತ್ತಿ ಮೇಲಕ್ಕೆ ಹೋಯಿತು. ಒಂದು ಸುತ್ತು ಹಾಕಿ ಮತ್ತೆ ಬಂತು, ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಅದು ಕೆಳಗಿಳಿಯಲಿಲ್ಲ. ಬಂದ ದಿಕ್ಕಿಗೇ ಹೊರಟುಹೋಯಿತು. ಗೋಡೆಯಾಚೆಯ ಜನ, ಅದು ತಿರುಗಿ ಬರುತ್ತದೆ ಎಂದು ಮಧ್ಯಾಹ್ನದ ತನಕ ನಿಂತಿದ್ದರು. ಅವರಿಗೆ ಹೋಗಿ ಹೇಳುವ ಧೈರ್ಯ ನನಗಾಗಲಿಲ್ಲ.

ವಿಮಾನದಿಂದ ತೆಗೆದ ಚಿತ್ರಗಳ ಸಮೇತ ವರದಿ ಬಂತು. ರನ್‌ವೇ ಪಕ್ಕದಲ್ಲಿ ಆಹಾರ ತ್ಯಾಜ್ಯ ಸುರಿಯಲಾಗಿದೆ, ಹಕ್ಕಿಗಳ ಅಪಾಯ ತೀವ್ರವಾಗಿದೆ, ನಿರ್ವಹಣೆಯ ಮೇಲೆ ಭರವಸೆ ಇಡಲಾಗದು. ತ್ಯಾಜ್ಯ ಎಂಬ ಆ ಪದವನ್ನು ಓದಿ ನನಗೆ ಅಳು ಬಂತು. ಅತ್ತು ಆದದ್ದೇನು? ಇನ್ನೊಂದು ದಿನಾಂಕ ಕೊಡಿ ಎಂದು ಕಾಗದದ ಮೇಲೆ ಕಾಗದ ಬರೆದೆವು. ಜನವರಿ ಹೋಯಿತು, ಫೆಬ್ರವರಿಯಲ್ಲಿ ಬಿಸಿಲು ಏರಿತು. ಮಾರ್ಚ್ ಶುರುವಾದಾಗ, ನಮ್ಮ ಮಾರ್ಗದ ಅನುದಾನವನ್ನು ಸರದಿಯಲ್ಲಿದ್ದ ಬೇರೆ ಊರಿಗೆ ಕೊಟ್ಟದ್ದಾಗಿದೆ ಎಂದು ಎರಡು ಸಾಲಿನ ಪತ್ರ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದಷ್ಟೇ ಊರವರು ಅಂದರು. ಅವರು ಯಾರೂ ನನ್ನನ್ನು ಬೈಯಲಿಲ್ಲ.

ಆದರೆ ಕಡತಕ್ಕೆ ಒಂದು ಕಾರಣ ಬೇಕಿತ್ತು. ಜನ ಒಳಗೆ ಹೇಗೆ ಬಂದರು ಎಂದು ನನ್ನ ಮೇಲಧಿಕಾರಿ ಲಿಖಿತ ವಿವರಣೆ ಕೇಳಿದರು. ಆಮೇಲೆ ಅವರೇ ಫೋನ್ ಮಾಡಿ, ನಿನ್ನ ಹೆಸರು ಬಂದರೆ ಅಮಾನತು, ದಿನಗೂಲಿಯವನ ಹೆಸರು ಬಂದರೆ ಅಲ್ಲಿಗೇ ಮುಗಿಯುತ್ತದೆ ಎಂದರು. ಕಾವಲುಗಾರನ ನಿರ್ಲಕ್ಷ್ಯದಿಂದ ಜನರು ಅನುಮತಿಯಿಲ್ಲದೆ ಒಳನುಗ್ಗಿದರು ಎಂದು ನಾನು ಬರೆದೆ. ನನ್ನ ಕೈಯಿಂದಲೇ, ಅಚ್ಚುಕಟ್ಟಾಗಿ. ತಪ್ಪು ಒಪ್ಪಿಕೊಂಡಿದ್ದಾನೆ ಎಂಬುದಕ್ಕೆ ಕೆಳಗೆ ದೊಡ್ಡಬಸಪ್ಪನ ಸಹಿ ಬೇಕಿತ್ತು. ಓದಿ ಹೇಳಲೇ ಎಂದು ಕೇಳಿದೆ.

“ಬ್ಯಾಡ್ರಿ ಅಕ್ಕಾರ. ನೀವು ಬರ್ದೀರಿ ಅಂದ್ರ ಸರಿ ಇರ್ತೈತಿ” ಎಂದು, ಅಕ್ಷರ ಅಕ್ಷರ ಬಿಡಿಸಿ ಸಹಿ ಮಾಡಿದ.

ವಾರದೊಳಗೆ ಅವನ ಕೆಲಸ ಹೋಯಿತು. ಕಾರಣ ಏನೆಂದು ಅವನಿಗೆ ಬೇರೆ ಯಾರೋ ಓದಿ ಹೇಳಿದರು. ಅವನು ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ಅವನು ಕಾಯುತ್ತಿದ್ದ ಗೇಟಿಗೆ ಬೀಗ ಹಾಕಿ, ದಿನಾ ನಾನೇ ತೆಗೆದು ನಾನೇ ಮುಚ್ಚುತ್ತಿದ್ದೆ.

ಮಾರ್ಚ್ ಕೊನೆಗೆ ಗುತ್ತಿಗೆಯವರೆಲ್ಲ ಮನೆಗೆ ಹೋದರು. ಫೈರ್ ಗಾಡಿಯನ್ನು ಅನುದಾನ ಪಡೆದ ಊರಿಗೇ ಕಳಿಸಬೇಕೆಂದು ಆದೇಶ ಬಂತು. ಅದನ್ನು ಓಡಿಸುವವರು ಬೇರೆ ಯಾರಿದ್ದರು? ಹುಲಿಗೆಮ್ಮಳೇ ಓಡಿಸಿಕೊಂಡು ಹೋಗಿ ಬಿಟ್ಟು, ಬಸ್ಸಿನಲ್ಲಿ ವಾಪಸ್ ಬಂದಳು. ಬಂದವಳು ನೇರ ನನ್ನ ಕೊಠಡಿಗೆ ಬಂದಳು. ಅಲ್ಲಿ ವಿಮಾನ ಇಳಿಯುವುದನ್ನು ಕಂಡಳಂತೆ. ಹಕ್ಕಿ ಕಾಯುವುದಕ್ಕೆಂದೇ ಅಲ್ಲಿ ಪ್ರತ್ಯೇಕ ಕೆಲಸ ಇದೆಯಂತೆ, ಕಾಯಂ ಕೆಲಸ. ಹಿಂದಿನ ಅಧಿಕಾರಿಯಿಂದ ಪತ್ರ ತಂದರೆ ನೋಡೋಣ ಎಂದಿದ್ದರಂತೆ.

“ಅವತ್ತು ಸಂಜಿಕ ನಾನು ಹೇಳಿದ್ದೆ ಅಂತ ಒಂದು ಸಾಲು ಬರ್ದು ಕೊಡ್ರಿ ಅಕ್ಕಾರ. ನಮ್ಮಪ್ಪನ ಮ್ಯಾಲ ಬರ್ದಿದ್ದಕ್ಕ ನಾನು ಏನೂ ಅನ್ನಂಗಿಲ್ಲ. ನನಗ ಆ ಒಂದು ಸಾಲು ಸಾಕು.”

ಅವಳು ನನಗೆ ಹೇಳಿದ್ದಳು ಎಂದು ಬರೆದರೆ, ಜನ ಒಳಗೆ ಬಂದದ್ದು ನನಗೆ ಗೊತ್ತಿತ್ತು ಎಂದೇ ಬರೆದಂತಾಯಿತು. ನಾನು ಟೈಪ್ ಮಾಡಿದೆ: ಸದರಿಯವರು ಒಂದು ವರ್ಷ ಸೇವೆ ಸಲ್ಲಿಸಿದ್ದು, ನಡತೆ ತೃಪ್ತಿಕರವಾಗಿದೆ. ಮೊಹರು ಒತ್ತಿ ಕೊಟ್ಟೆ. ಅವಳು ಎರಡು ಸಲ ಓದಿದಳು. ಹಿಂದಿನ ಪುಟವನ್ನೂ ತಿರುಗಿಸಿ ನೋಡಿದಳು.

“ಅದನ್ನ ಬರ್ಯಾಕ ಬರಂಗಿಲ್ಲವ್ವಾ, ಕಡತ ಮುಗದೈತಿ” ಎಂದೆ.

“ಬರ್ಯಾಕ ಬರ್ತೈತ್ರಿ. ನಿಮಗ ಮನಸಿಲ್ಲ” ಎಂದಳು. ದನಿ ಏರಿಸಲಿಲ್ಲ. ಪತ್ರವನ್ನು ಮೇಜಿನ ಮೇಲೆ ಬಿಟ್ಟೇ ಹೋದಳು.

ಅವಳು ಈಗ ಸಿರುಗುಪ್ಪದ ಕಡೆ ಯಾರದೋ ಟ್ರ್ಯಾಕ್ಟರಿಗೆ ದಿನಗೂಲಿಯ ಮೇಲೆ ನೆಲ್ಲಿನ ಚೀಲ ಸಾಗಿಸುತ್ತಾಳೆ ಎಂದು ಕೇಳಿದ್ದೇನೆ. ನನಗೆ ಬಡ್ತಿ ಸಿಕ್ಕಿತು. ಆ ಒಂದು ಸಾಲನ್ನು ಮನಸ್ಸಿನಲ್ಲಿ ಎಷ್ಟೋ ಸಲ ಬರೆದಿದ್ದೆ, ಈಗ ಕಾಗದದ ಮೇಲೆ ಬರೆಯುತ್ತಿದ್ದೇನೆ. ಎಳ್ಳಮಾವಾಸ್ಯೆಯ ಸಂಜೆ, ಅನ್ನ ಬಿದ್ದಲ್ಲಿ ಹಕ್ಕಿ ಬರುತ್ತವೆ, ಆರಿಸಿ ತೆಗೆಸಿ ಎಂದು ಹುಲಿಗೆಮ್ಮ ನನಗೆ ಹೇಳಿದ್ದಳು. ಬೇಡ ಎಂದವಳು ನಾನು. ಜನರನ್ನು ಒಳಗೆ ಬಿಟ್ಟವಳೂ ನಾನು, ದೊಡ್ಡಬಸಪ್ಪನಲ್ಲ. ಆ ಹಕ್ಕಿ ಕಾಯುವ ಕೆಲಸಕ್ಕೆ ವಯಸ್ಸಿನ ಮಿತಿ ಇದೆ. ಈ ವರ್ಷ ಅವಳು ಅದನ್ನು ದಾಟಿದಳು.